ಕರೆ ಮಾಡುವವರೇ ಇಲ್ಲವಾದಾಗ: ಈಟಿಂಗ್ ಡಿಸಾರ್ಡರ್ ಸಂಶೋಧನೆಗೆ ಜನ ಹೇಗೆ ಆಸರೆಯಾಗಬಹುದು

1987ರಿಂದ 1991ರ ನಡುವೆ ಬಾಸ್ಟನ್‌ನಲ್ಲಿ ಕೆಲವು ಸಂಶೋಧಕರು 246 ಹೆಂಗಸರನ್ನು ಒಂದು ಅಧ್ಯಯನಕ್ಕೆ ಸೇರಿಸಿಕೊಂಡರು. ಎಲ್ಲರೂ ಅನೊರೆಕ್ಸಿಯಾಗೋ ಬುಲಿಮಿಯಾಗೋ ಚಿಕಿತ್ಸೆ ಹುಡುಕಿಕೊಂಡು ಬಂದಿದ್ದವರು. ಎರಡೂ ಈಟಿಂಗ್ ಡಿಸಾರ್ಡರ್, ಅಂದರೆ ಊಟದ ಜೊತೆಗಿನ ನಂಟೇ ಹದಗೆಡುವ ಮಾನಸಿಕ ಕಾಯಿಲೆಗಳು: ಅನೊರೆಕ್ಸಿಯಾದಲ್ಲಿ ದಪ್ಪಗಾಗುವ ಭಯಕ್ಕೆ ಊಟ ಬಿಡುತ್ತಾ ಹೋಗುತ್ತಾರೆ, ಬುಲಿಮಿಯಾದಲ್ಲಿ ವಿಪರೀತ ತಿಂದು ಹೊರಹಾಕುತ್ತಾರೆ. ಅಧ್ಯಯನ ಅಂದರೆ ಹೊಸ ಮಾತ್ರೆ, ಹೊಸ ಯಂತ್ರ ಏನೂ ಇಲ್ಲ. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಅವರನ್ನು ಮಾತಾಡಿಸುವುದು. ಹೇಗಿದ್ದೀರಿ, ಊಟ ಹೇಗೆ ನಡೆದಿದೆ, ಈಗ ಯಾವ ಚಿಕಿತ್ಸೆ, ಕಾಯಿಲೆ ಮತ್ತೆ ತಲೆ ಎತ್ತಿತಾ. ಅಷ್ಟೇ.

ಒಂಬತ್ತು ವರ್ಷದ ಹೊತ್ತಿಗೆ ಲೆಕ್ಕ ಹಾಕಿದರು. ಬುಲಿಮಿಯಾ ಇದ್ದವರಲ್ಲಿ ಶೇ. 68ರಷ್ಟು ಜನ ಗುಣವಾಗಿದ್ದರು. ಅನೊರೆಕ್ಸಿಯಾ ಇದ್ದವರಲ್ಲಿ ಗುಣವಾದವರು ಬರೀ ಶೇ. 31, ಅಂದರೆ ಮೂವರಲ್ಲಿ ಒಬ್ಬರಿಗೂ ಕಡಿಮೆ. ಅಧ್ಯಯನ ಅಲ್ಲಿಗೇ ನಿಂತಿದ್ದರೆ ಇದೇ ಅಂಕಿ ಡಾಕ್ಟರುಗಳ ತಲೆಯಲ್ಲಿ ಉಳಿದುಬಿಡುತ್ತಿತ್ತು. ಹತ್ತು ವರ್ಷ ಕಾಯಿಲೆಯಲ್ಲಿ ಕಳೆದವರಿಗೆ, ಅವರ ಅಪ್ಪ ಅಮ್ಮನಿಗೆ, 'ಇನ್ನು ಇಷ್ಟೇ' ಅನ್ನುವ ಉತ್ತರ ಸಿಗುತ್ತಿತ್ತು. ಆದರೆ ಅಧ್ಯಯನ ನಿಲ್ಲಲಿಲ್ಲ. ಇಪ್ಪತ್ತೆರಡು ವರ್ಷ ಆದ ಮೇಲೆ ಅದೇ ಹೆಂಗಸರನ್ನು ಮತ್ತೆ ಹುಡುಕಿ ಮಾತಾಡಿಸಿದರು. ಆ ಹೊತ್ತಿಗೆ ಅನೊರೆಕ್ಸಿಯಾ ಇದ್ದವರಲ್ಲಿ ಶೇ. 63ರಷ್ಟು ಜನ ಗುಣವಾಗಿದ್ದರು. ಹೆಚ್ಚುಕಡಿಮೆ ಎರಡು ಪಟ್ಟು! ಈ ಫಲಿತಾಂಶ ಪ್ರಕಟವಾಗಿದ್ದು 2017ರಲ್ಲಿ.

ಹತ್ತು ವರ್ಷ ಆದ ಮೇಲೂ ಜನ ಗುಣವಾಗುತ್ತಾರೆ ಅನ್ನುವ ಈ ಒಂದು ಮಾತಿಗೆ ಎಷ್ಟು ಬೆಲೆ ಇದೆ ಅನ್ನುವುದು ಮನೆಯಲ್ಲಿ ಈ ಕಾಯಿಲೆ ಕಂಡವರಿಗೆ ಗೊತ್ತು. ಆ ಮಾತು ಸಿಕ್ಕಿದ್ದು ಯಾವುದೋ ದೊಡ್ಡ ಆವಿಷ್ಕಾರದಿಂದಲ್ಲ. ಯಾರೋ ಒಬ್ಬರು ವಿಳಾಸದ ಪಟ್ಟಿಯನ್ನು ಜೋಪಾನವಾಗಿ ಇಟ್ಟುಕೊಂಡು, ಮನೆ ಬದಲಿಸಿದವರನ್ನು, ಮದುವೆಯಾಗಿ ಹೆಸರು ಬದಲಾದವರನ್ನು ಬಿಡದೆ ಹುಡುಕಿ ಕರೆ ಮಾಡಿದ್ದರಿಂದ. ಸಂಶೋಧನೆಗೆ ಹಣ ಕಡಿತವಾದಾಗ ಮೊದಲು ಕಡಿದುಹೋಗುವುದು ಈ ಎಳೆ. ಜನ ಸೇರಿ ಉಳಿಸಿಕೊಳ್ಳಬಹುದಾದದ್ದೂ ಮುಖ್ಯವಾಗಿ ಇದನ್ನೇ. ಈ ಬರಹದಲ್ಲಿ ನಾನು ಹೇಳಬೇಕು ಅಂದುಕೊಂಡಿರುವುದು ಇದೊಂದೇ ವಿಷಯ, ಉಳಿದದ್ದೆಲ್ಲ ಅದರ ವಿವರ.

ಮೊದಲು ಕಾಯಿಲೆಯ ಬಗ್ಗೆ ನಾಲ್ಕು ಮಾತು. ಈಟಿಂಗ್ ಡಿಸಾರ್ಡರ್ ಅಂದ ಕೂಡಲೇ ತುಂಬಾ ಜನರ ಕಣ್ಣ ಮುಂದೆ ಬರುವುದು ಬಡಕಲು ಹುಡುಗಿಯೊಬ್ಬಳ ಚಿತ್ರ. ಅದು ಅನೊರೆಕ್ಸಿಯಾದ ಒಂದು ರೂಪ ಮಾತ್ರ. ಬುಲಿಮಿಯಾ ಇದೆ, ಇದರಲ್ಲಿ ವಿಪರೀತ ತಿನ್ನುವುದು, ಆಮೇಲೆ ಅದನ್ನು ಹೇಗಾದರೂ ಹೊರಹಾಕಲು ಒದ್ದಾಡುವುದು. ಬಿಂಜ್ ಈಟಿಂಗ್ ಇದೆ, ಕೈಮೀರಿ ತಿನ್ನುತ್ತಾರೆ, ಹೊರಹಾಕುವುದಿಲ್ಲ, ನಾಚಿಕೆಯಿಂದ ಒಳಗೊಳಗೇ ಬೇಯುತ್ತಾರೆ. ದಪ್ಪ ಸಣ್ಣದ ಚಿಂತೆಯೇ ಇಲ್ಲದೆ ಆಹಾರದ ವಾಸನೆಗೋ, ಮುಟ್ಟಿದರೆ ಆಗುವ ಅನುಭವಕ್ಕೋ, ಗಂಟಲಲ್ಲಿ ಸಿಕ್ಕಿಕೊಂಡೀತು ಅನ್ನುವ ಭಯಕ್ಕೋ ತಿನ್ನುವುದನ್ನೇ ಬಿಡುವ ಆರ್ಫಿಡ್ ಅನ್ನುವುದೂ ಇದೆ. ಗಂಡಸರಿಗೂ ಬರುತ್ತದೆ, ಐವತ್ತು ದಾಟಿದವರಿಗೂ ಬರುತ್ತದೆ. ನೋಡಿದರೆ ಗೊತ್ತಾಗುವಂಥ ಕಾಯಿಲೆ ಅಲ್ಲ.

ಇದು ಹಟವೂ ಅಲ್ಲ, ಶೋಕಿಯೂ ಅಲ್ಲ. 2011ರಲ್ಲಿ 36 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಅನೊರೆಕ್ಸಿಯಾ ಇದ್ದವರು ಸಾಯುವ ಸಾಧ್ಯತೆ ಅದೇ ವಯಸ್ಸಿನ ಬೇರೆಯವರಿಗಿಂತ ಐದು ಪಟ್ಟಿಗೂ ಜಾಸ್ತಿ ಅಂತ ಕಂಡುಬಂತು. ಸತ್ತವರಲ್ಲಿ ಐವರಲ್ಲಿ ಒಬ್ಬರದು ಆತ್ಮಹತ್ಯೆ. ಮಾನಸಿಕ ಕಾಯಿಲೆಗಳಲ್ಲೇ ಅತಿ ಹೆಚ್ಚು ಜೀವ ತೆಗೆಯುವವುಗಳ ಸಾಲಿನಲ್ಲಿ ಇದು ಇದೆ.

ಹಸಿವು ಮನಸ್ಸನ್ನು ಹೇಗೆ ತಿರುಚುತ್ತದೆ ಅನ್ನುವುದಕ್ಕೆ ಒಂದು ಹಳೆಯ ಪ್ರಯೋಗವನ್ನು ಹೇಳಲೇಬೇಕು. 1944-45ರಲ್ಲಿ, ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ, ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರನ್ನು ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿ ಇಟ್ಟರು. ಯುದ್ಧಕ್ಕೆ ಹೋಗಲು ಒಪ್ಪದ, ಅದರ ಬದಲು ಬೇರೆ ರೀತಿ ಸೇವೆ ಮಾಡುತ್ತೇವೆ ಅಂತ ತಾವಾಗಿ ಮುಂದೆ ಬಂದ ಹುಡುಗರು ಅವರು. ಎಲ್ಲರೂ ಆರೋಗ್ಯವಂತರು, ಯಾರಿಗೂ ಊಟದ ಬಗ್ಗೆ ಅದುವರೆಗೆ ಯಾವ ಗೀಳೂ ಇರಲಿಲ್ಲ. ಕೆಲವೇ ವಾರಗಳಲ್ಲಿ ಅವರು ಅಡುಗೆ ಪುಸ್ತಕಗಳನ್ನು ಕಾದಂಬರಿ ಓದಿದ ಹಾಗೆ ಓದತೊಡಗಿದರು. ತಟ್ಟೆ ನೆಕ್ಕಿದರು. ಒಂದು ಊಟವನ್ನು ಗಂಟೆಗಟ್ಟಲೆ ಎಳೆದರು. ಗೆಳೆಯರ ಜೊತೆ ಮಾತು ಬಿಟ್ಟರು, ಸಿಡುಕಿದರು, ಮಂಕಾದರು. ಹೊಟ್ಟೆ ತುಂಬಾ ಊಟ ಮತ್ತೆ ಸಿಕ್ಕ ಮೇಲೂ ಕೆಲವರಿಗೆ ಎಷ್ಟು ತಿಂದರೂ ಸಾಕು ಅನ್ನಿಸದೆ ತಿಂಗಳುಗಟ್ಟಲೆ ಕಷ್ಟಪಟ್ಟರು. ಹಸಿವೇ ಮನಸ್ಸನ್ನು ಹಿಡಿದುಬಿಡುತ್ತದೆ, ಹಾಗಾಗಿ ದೇಹಕ್ಕೆ ಮೊದಲು ಅನ್ನ ಸೇರಬೇಕು ಅನ್ನುವ ಇವತ್ತಿನ ಚಿಕಿತ್ಸೆಯ ಮೊದಲ ಪಾಠಕ್ಕೆ ಆ ಹುಡುಗರು ದೊಡ್ಡ ಆಧಾರ ಕೊಟ್ಟರು. ಯುದ್ಧದಿಂದ ಹಸಿದ ಜನರಿಗೆ ಊಟ ಹೇಗೆ ಕೊಡಬೇಕು ಅಂತ ತಿಳಿಯಲು ಮಾಡಿದ ಪ್ರಯೋಗ, ದಶಕಗಳ ನಂತರ ಇನ್ನೊಂದು ಕಾಯಿಲೆಯ ಕೀಲಿಯಾಯಿತು. ಸಂಶೋಧನೆಯಲ್ಲಿ ಹೀಗಾಗುತ್ತದೆ. ಯಾವುದು ಎಲ್ಲಿ ಉಪಯೋಗಕ್ಕೆ ಬರುತ್ತದೆ ಅಂತ ಮೊದಲೇ ಹೇಳಲಾಗುವುದಿಲ್ಲ.

ಎಷ್ಟು ಜನರಿಗೆ ಈ ಕಾಯಿಲೆ ಇದೆ? ಎಣಿಸುವುದೇ ಒಂದು ಸಂಶೋಧನೆ. 2019ರಲ್ಲಿ ಜಗತ್ತಿನಲ್ಲಿ 1.4 ಕೋಟಿ ಜನ ಈಟಿಂಗ್ ಡಿಸಾರ್ಡರ್‌ನಿಂದ ಬಳಲುತ್ತಿದ್ದರು, ಅವರಲ್ಲಿ ಸುಮಾರು 30 ಲಕ್ಷ ಮಕ್ಕಳು ಮತ್ತು ಹದಿಹರೆಯದವರು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ಆ ಲೆಕ್ಕದಲ್ಲಿ ಸೇರಿಸಿದ್ದು ಅನೊರೆಕ್ಸಿಯಾ, ಬುಲಿಮಿಯಾ ಎರಡನ್ನೇ. ಬಿಂಜ್ ಈಟಿಂಗನ್ನೂ, ಯಾವ ಒಂದು ಹೆಸರಿಗೂ ಸರಿಯಾಗಿ ಹೊಂದದ ಉಳಿದ ಬಗೆಗಳನ್ನೂ ಸೇರಿಸಿ 2021ರಲ್ಲಿ ಇನ್ನೊಂದು ತಂಡ ಎಣಿಸಿದಾಗ ಸಂಖ್ಯೆ 5.5 ಕೋಟಿ ದಾಟಿತು. ನಾಲ್ಕು ಕೋಟಿ ಜನ ಲೆಕ್ಕದಿಂದಲೇ ಹೊರಗಿದ್ದರು! ಲೆಕ್ಕಕ್ಕೆ ಬರದವರಿಗೆ ಹಣ ಎಲ್ಲಿಂದ ಬರಬೇಕು?

ಇನ್ನು ಹಣದ ವಿಷಯ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಎಲ್ಲರೂ ಎನ್‌ಐಎಚ್ ಅನ್ನುತ್ತಾರಲ್ಲ, ಅದು ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ಸರ್ಕಾರಿ ಸಂಸ್ಥೆಗಳಲ್ಲಿ ಜಗತ್ತಿನಲ್ಲೇ ಅತಿ ದೊಡ್ಡದು. ಅದು 2015ರಲ್ಲಿ ಕೊಟ್ಟ ಹಣವನ್ನು ಆಯಾ ಕಾಯಿಲೆ ಇರುವವರ ಸಂಖ್ಯೆಯಿಂದ ಭಾಗಿಸಿದ ಒಂದು ಲೆಕ್ಕ 2017ರಲ್ಲಿ ಪ್ರಕಟವಾಯಿತು. ಸ್ಕಿಜೋಫ್ರೇನಿಯಾಗೆ ತಲೆಗೆ ಸುಮಾರು 87 ಡಾಲರ್. ಆಟಿಸಂಗೆ ಸುಮಾರು 59 ಡಾಲರ್. ಈಟಿಂಗ್ ಡಿಸಾರ್ಡರ್‌ಗೆ 73 ಸೆಂಟ್. ಒಂದು ಡಾಲರ್ ಕೂಡ ಇಲ್ಲ. ಸ್ಕಿಜೋಫ್ರೇನಿಯಾಗೆ ಜಾಸ್ತಿ ಕೊಟ್ಟರು ಅಂತ ನಾನು ದೂರುತ್ತಿಲ್ಲ, ಅದಕ್ಕೂ ಸಾಲದು. ಆದರೆ ಕಡಿತ ಬರುವ ಮೊದಲೇ ಈ ಕ್ಷೇತ್ರ ಹೊಟ್ಟೆಗಿಲ್ಲದೆ ನಡೆಯುತ್ತಿತ್ತು ಅನ್ನುವುದು ಗೊತ್ತಿರಬೇಕು. ಇರುವ ಒಂದೇ ಬಟ್ಟೆಯನ್ನು ಕತ್ತರಿಸಿದ ಹಾಗೆ ಇದು.

ಯಾಕಿಷ್ಟು ಕಡಿಮೆ? ಒಂದು ಕಾರಣ, ಶತಮಾನದಷ್ಟು ಹಳೆಯ ತಪ್ಪು ತಿಳಿವಳಿಕೆ. 1870ರ ದಶಕದಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗಲ್ ಈ ಕಾಯಿಲೆಗೆ ಅನೊರೆಕ್ಸಿಯಾ ನರ್ವೋಸಾ ಅಂತ ಹೆಸರಿಟ್ಟರು, ರೋಗಿಯನ್ನು ನೋಡಿಕೊಳ್ಳಲು ಮನೆಯವರು ತಕ್ಕವರಲ್ಲ ಅನ್ನುವುದು ಅವರ ಅಭಿಪ್ರಾಯ. ಆಮೇಲೆ ದಶಕಗಳ ಕಾಲ ತಾಯಂದಿರ ಮೇಲೆ ಗೂಬೆ ಕೂರಿಸಿದ್ದೇ ಕೂರಿಸಿದ್ದು. ತಪ್ಪು ಮನೆಯದು ಅಂದಮೇಲೆ, ಇಲ್ಲವೇ ರೋಗಿಯ ಹಟದ್ದು ಅಂದಮೇಲೆ, ಸಂಶೋಧನೆ ಯಾಕೆ ಬೇಕು? ಇನ್ನೊಂದು ಕಾರಣ ನಾಚಿಕೆ. ಬೇರೆ ಕಾಯಿಲೆಗಳಿಗೆ ಬದುಕುಳಿದವರು ಬೀದಿಗಿಳಿದು ಹಣ ಕೇಳುತ್ತಾರೆ. ಈ ಕಾಯಿಲೆ ಮಾತಾಡದಂತೆ ಮಾಡುತ್ತದೆ, ಅದೇ ಅದರ ಒಂದು ಲಕ್ಷಣ. ಮನೆಯವರು ಸುಮ್ನೆ ಇರುತ್ತಾರೆ, ಗುಣವಾದವರು ಆ ದಿನಗಳನ್ನು ನೆನೆಯಲು ಇಷ್ಟಪಡುವುದಿಲ್ಲ. ಔಷಧ ಕಂಪನಿಗಳಿಗೂ ಇದರಲ್ಲಿ ಅಂಥ ಆಸಕ್ತಿ ಇಲ್ಲ. ಅಮೆರಿಕದಲ್ಲಿ ಬುಲಿಮಿಯಾಗೆ ಒಪ್ಪಿಗೆ ಪಡೆದ ಔಷಧ ಫ್ಲೂಕ್ಸೆಟಿನ್, ಅದು ಮೊದಲು ಖಿನ್ನತೆಗೆ ಬಂದದ್ದು. ಬಿಂಜ್ ಈಟಿಂಗ್‌ಗೆ 2015ರಲ್ಲಿ ಒಪ್ಪಿಗೆ ಸಿಕ್ಕ ಲಿಸ್‌ಡೆಕ್ಸಾಂಫೆಟಮಿನ್ ಮೊದಲು ಎಡಿಎಚ್‌ಡಿಗೆ, ಅಂದರೆ ಗಮನ ಒಂದು ಕಡೆ ನಿಲ್ಲದ ತೊಂದರೆಗೆ ಬಂದದ್ದು. ಅನೊರೆಕ್ಸಿಯಾಗೆ ಅಂತಲೇ ಒಪ್ಪಿಗೆ ಪಡೆದ ಔಷಧ ಅಲ್ಲಿ ಒಂದೂ ಇಲ್ಲ. ಹಾಗಾಗಿ ಇಲ್ಲಿ ಕೆಲಸ ನಡೆಯುವುದು ಬಹುಪಾಲು ಸರ್ಕಾರದ ಹಣದಿಂದ. ಸರ್ಕಾರ ಕೈ ಎತ್ತಿದರೆ ಹಿಂದೆ ನಿಲ್ಲುವವರು ಯಾರೂ ಇಲ್ಲ.

ಆ ಹಣದಿಂದ ಏನು ಸಿಕ್ಕಿದೆ ಅಂತ ಕೇಳುವವರಿಗೆ ಒಂದೇ ಉದಾಹರಣೆ ಸಾಕು. 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ತಂಡವೊಂದು ಆ ಹಳೆಯ ನಂಬಿಕೆಯನ್ನು ತಲೆಕೆಳಗು ಮಾಡಿತು. ಅಪ್ಪ ಅಮ್ಮನನ್ನು ದೂರ ಇಡುವ ಬದಲು ಮಗುವಿಗೆ ಉಣಿಸುವ ಜವಾಬ್ದಾರಿಯನ್ನು ಅವರ ಕೈಗೇ ಕೊಟ್ಟರು, ಪಕ್ಕದಲ್ಲಿ ತಜ್ಞರು ನಿಂತರು. ಇದು ನಿಜಕ್ಕೂ ಕೆಲಸ ಮಾಡುತ್ತದಾ ಅಂತ ಎನ್‌ಐಎಚ್ ಹಣದಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಶಿಕಾಗೋದಲ್ಲಿ 121 ಹದಿಹರೆಯದವರ ಮೇಲೆ ಪರೀಕ್ಷೆ ನಡೆಯಿತು. 2010ರಲ್ಲಿ ಫಲಿತಾಂಶ ಬಂತು. ಚಿಕಿತ್ಸೆ ಮುಗಿದು ಒಂದು ವರ್ಷದ ನಂತರ ನೋಡಿದರೆ, ಮನೆಯವರನ್ನು ಸೇರಿಸಿಕೊಂಡ ಚಿಕಿತ್ಸೆಯಲ್ಲಿ ಶೇ. 49ರಷ್ಟು ಮಕ್ಕಳು ಪೂರ್ತಿ ಚೇತರಿಸಿಕೊಂಡಿದ್ದರು, ಮಗುವಿನ ಜೊತೆ ಮಾತ್ರ ಕೂತು ಮಾಡಿದ ಚಿಕಿತ್ಸೆಯಲ್ಲಿ ಶೇ. 23. ಇವತ್ತು ಮಗಳ ತಟ್ಟೆಯ ಪಕ್ಕ ಕೂತು, ಅವಳು ಅಳುತ್ತಿದ್ದರೂ ಎದ್ದು ಹೋಗದೆ, ಮುಕ್ಕಾಲು ಗಂಟೆ ಒಂದು ತುತ್ತಿಗಾಗಿ ಕಾಯುವ ತಾಯಿಗೆ 'ನೀವು ಮಾಡುತ್ತಿರುವುದು ಸರಿ' ಅಂತ ಹೇಳಲು ಆಗುವುದು ಈ ಪರೀಕ್ಷೆ ನಡೆದದ್ದರಿಂದ. ಉಳಿದ ಅರ್ಧದಷ್ಟು ಮಕ್ಕಳಿಗೆ ಏನು ಮಾಡಬೇಕು ಅನ್ನುವುದು ಈಗಿನ ಪ್ರಶ್ನೆ. ಹಣ ನಿಂತರೆ ಆ ಪ್ರಶ್ನೆ ಅಲ್ಲೇ ನಿಲ್ಲುತ್ತದೆ.

ಕಡಿತ ಅಂದರೆ ಒಳಗೆ ಏನಾಗುತ್ತದೆ? ಹೊರಗಿನವರಿಗೆ ಇದು ಅಷ್ಟು ಕಾಣುವುದಿಲ್ಲ. ದೊಡ್ಡ ಅನುದಾನ ಸಾಮಾನ್ಯವಾಗಿ ನಾಲ್ಕೈದು ವರ್ಷಕ್ಕೆ ಸಿಗುತ್ತದೆ, ಆದರೆ ಹಣ ಬರುವುದು ವರ್ಷ ವರ್ಷ ಕಂತಿನಲ್ಲಿ. ಮುಂದಿನ ಕಂತು ಬರುತ್ತದೆ ಅಂತ ನಂಬಿಕೊಂಡು ಜನರನ್ನು ಕೆಲಸಕ್ಕೆ ತೆಗೆದುಕೊಂಡಿರುತ್ತಾರೆ. ಜೊತೆಗೆ 'ಪರೋಕ್ಷ ವೆಚ್ಚ' ಅಂತ ಒಂದಿದೆ. ಕಟ್ಟಡ, ಕರೆಂಟು, ಲೆಕ್ಕಪತ್ರ, ಪ್ರಯೋಗಕ್ಕೆ ಬಂದವರಿಗೆ ಅನ್ಯಾಯವಾಗದಂತೆ ನೋಡುವ ನೈತಿಕ ಸಮಿತಿ, ಮಾಹಿತಿ ಸೋರದಂತೆ ಕಾಯುವ ಕಂಪ್ಯೂಟರ್, ಇದೆಲ್ಲ ಅದರಲ್ಲಿ ಬರುತ್ತದೆ. 2025ರ ಫೆಬ್ರವರಿಯಲ್ಲಿ ಎನ್‌ಐಎಚ್ ಈ ವೆಚ್ಚಕ್ಕೆ ಸಂಶೋಧನೆಯ ನೇರ ಖರ್ಚಿನ ಶೇ. 15ರ ಮಿತಿ ಹಾಕುವುದಾಗಿ ಹೇಳಿತು. ಎಷ್ಟೋ ವಿಶ್ವವಿದ್ಯಾಲಯಗಳಿಗೆ ಅದಕ್ಕಿಂತ ತುಂಬಾ ಜಾಸ್ತಿ ಸಿಗುತ್ತಿತ್ತು. ನ್ಯಾಯಾಲಯ ಅದನ್ನು ತಡೆಯಿತು. ಅದೇ ವರ್ಷ ಬೇರೆ ಬೇರೆ ವಿಷಯಗಳ ಸಾವಿರಕ್ಕೂ ಹೆಚ್ಚು ಅನುದಾನಗಳು ನಡುವೆಯೇ ರದ್ದಾದವು, ಕೆಲವು ಕೋರ್ಟಿನ ಮೂಲಕ ಮರಳಿ ಬಂದವು. ಮರಳಿ ಬಂದರೂ ನಡುವಿನ ತಿಂಗಳುಗಳ ಹಾನಿ ಮರಳಿ ಬರುವುದಿಲ್ಲ.

ಯಾಕೆ ಅಂದರೆ, ಮೊದಲು ಹೋಗುವುದು ಅಧ್ಯಯನದ ಸಂಯೋಜಕರು. ಅವರ ಸಂಬಳ ಅನುದಾನದಿಂದಲೇ ಬರುವುದು, ಮೂರು ತಿಂಗಳು ಸಂಬಳ ಇಲ್ಲದೆ ಯಾರು ಇರುತ್ತಾರೆ? ಆದರೆ ಅಧ್ಯಯನಕ್ಕೆ ಬಂದ ಪ್ರತಿಯೊಬ್ಬರ ದನಿ ಗೊತ್ತಿರುವುದು ಅವರಿಗೇ. ಇವರಿಗೆ ಸಂಜೆ ಫೋನ್ ಮಾಡಬೇಕು, ಇವರಿಗೆ ಮೊದಲು ಮೆಸೇಜ್ ಹಾಕಬೇಕು, ಇವರು ಹೋದ ಸಲ ಅತ್ತಿದ್ದರು, ಈ ಸಲ ನಿಧಾನಕ್ಕೆ ಶುರು ಮಾಡಬೇಕು. ಇದು ಯಾವ ಫೈಲಿನಲ್ಲೂ ಇರುವುದಿಲ್ಲ. ಆಮೇಲೆ ಪಿಎಚ್‌ಡಿ ಮುಗಿಸಿದ ಹುಡುಗ ಹುಡುಗಿಯರು ಬೇರೆ ಕ್ಷೇತ್ರಕ್ಕೆ ಹೋಗುತ್ತಾರೆ, ಹೋದವರು ಹಿಂದಿರುಗುವುದು ಕಡಿಮೆ. ಮೈನಸ್ 80 ಡಿಗ್ರಿಯ ಫ್ರೀಜರ್‌ನಲ್ಲಿ ರಕ್ತದ ಮಾದರಿಗಳು ಇರುತ್ತವೆ, ಅವು ಹೇಗೋ ಉಳಿಯುತ್ತವೆ, ಆದರೆ ಆ ರಕ್ತ ಕೊಟ್ಟವರು ಈಗ ಹೇಗಿದ್ದಾರೆ ಅಂತ ಕೇಳುವವರೇ ಇಲ್ಲದಿದ್ದರೆ ಆ ಮಾದರಿಯ ಬೆಲೆ ಅರ್ಧ ಹೋದ ಹಾಗೆ. ಎಲ್ಲಕ್ಕಿಂತ ಬೇಸರದ್ದು, ಚಿಕಿತ್ಸೆಯ ಪರೀಕ್ಷೆಯೊಂದು ನಡುವೆ ನಿಂತಾಗ ಅದರಲ್ಲಿದ್ದ ರೋಗಿಗಳ ಸ್ಥಿತಿ. ಯಾರನ್ನೂ ನಂಬಲಾಗದ ಕಾಯಿಲೆಯಲ್ಲಿ ಹೇಗೋ ಧೈರ್ಯ ಮಾಡಿ ಒಬ್ಬರ ಮುಂದೆ ಬಾಯಿ ಬಿಟ್ಟಿರುತ್ತಾರೆ, ಅವರನ್ನು ನಡುನೀರಿನಲ್ಲಿ ಕೈಬಿಟ್ಟಂತಾಗುತ್ತದೆ.

ಜನರ ಕೈಯಲ್ಲಿ ಏನಾಗುತ್ತದೆ ಅಂತ ಕೇಳಬಹುದು. ಚರಿತ್ರೆ ನೋಡಿ. 1938ರಲ್ಲಿ ಅಮೆರಿಕದಲ್ಲಿ ಪೋಲಿಯೋಗಾಗಿ ಹತ್ತು ಸೆಂಟಿನ ನಾಣ್ಯ ಕಳಿಸಿ ಅಂತ ನಟ ಎಡ್ಡಿ ಕ್ಯಾಂಟರ್ ರೇಡಿಯೋದಲ್ಲಿ ಕರೆ ಕೊಟ್ಟಾಗ ಶ್ವೇತಭವನದ ಅಂಚೆ ಕೋಣೆ ತುಂಬಿಹೋಯಿತು, 26 ಲಕ್ಷಕ್ಕೂ ಹೆಚ್ಚು ನಾಣ್ಯ ಬಂದವು. ಆ ನಾಣ್ಯಗಳಿಂದ ಬೆಳೆದ ಪೋಲಿಯೋ ದತ್ತಿಸಂಸ್ಥೆಯೇ ಜೋನಸ್ ಸಾಕ್ ಅವರ ಪೋಲಿಯೋ ಲಸಿಕೆಗೆ ಹಣ ಕೊಟ್ಟಿತು, 1954ರಲ್ಲಿ ಸುಮಾರು 18 ಲಕ್ಷ ಮಕ್ಕಳ ಮೇಲೆ ನಡೆದ ಪರೀಕ್ಷೆಯನ್ನೂ ನಡೆಸಿತು. 2014ರ ಐಸ್ ಬಕೆಟ್ ಚಾಲೆಂಜ್ ನೆನಪಿರಬಹುದು, ತಲೆ ಮೇಲೆ ತಣ್ಣೀರು ಸುರಿದುಕೊಂಡು, ನರಗಳು ಸೊರಗಿ ಮೈಯ ಸ್ನಾಯುಗಳೇ ಸೋಲುವ ಎಎಲ್‌ಎಸ್ ಕಾಯಿಲೆಗೆ ಜನ ಹಣ ಕೊಟ್ಟರು. ಅಮೆರಿಕದ ಎಎಲ್‌ಎಸ್ ಅಸೋಸಿಯೇಷನ್ ಒಂದಕ್ಕೇ 11.5 ಕೋಟಿ ಡಾಲರ್ ಬಂತು. ಆ ಹಣದ ಒಂದು ಪಾಲು ಹೋದ ಕೆಲಸದಿಂದ 2016ರಲ್ಲಿ ಆ ಕಾಯಿಲೆಗೆ ಸಂಬಂಧಿಸಿದ ಹೊಸ ಜೀನ್ ಒಂದು ಸಿಕ್ಕಿತು. ಹನಿಗೂಡಿದರೆ ಹಳ್ಳ ಅನ್ನುವುದು ಬರೀ ಗಾದೆಯಲ್ಲ.

ನಮ್ಮ ವಿಷಯದಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಅನೊರೆಕ್ಸಿಯಾದ ಜೀನ್‌ಗಳನ್ನು ಹುಡುಕುವ 'ಆಂಗಿ' ಎಂಬ ಯೋಜನೆ ಕ್ಲಾರ್ಮನ್ ಎಂಬ ಕುಟುಂಬದ ಪ್ರತಿಷ್ಠಾನದ ದೇಣಿಗೆಯಿಂದ ಶುರುವಾಯಿತು. ಹಣ ಒಂದು ಕುಟುಂಬದ್ದು, ರಕ್ತ ಮಾತ್ರ ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಸ್ವೀಡನ್, ಡೆನ್ಮಾರ್ಕ್‌ನ ಸಾವಿರಾರು ಸಾಮಾನ್ಯ ಜನರದ್ದು. ಉಳಿದ ಅಧ್ಯಯನಗಳ ಮಾಹಿತಿಯನ್ನೂ ಸೇರಿಸಿ, ಅನೊರೆಕ್ಸಿಯಾ ಇದ್ದ 16,992 ಜನ ಮತ್ತು ಇಲ್ಲದ 55,525 ಜನರನ್ನು ಹೋಲಿಸಿ 2019ರಲ್ಲಿ ಫಲಿತಾಂಶ ಹೊರಬಂತು. ಡಿಎನ್‌ಎಯಲ್ಲಿ ಎಂಟು ಜಾಗಗಳು ಈ ಕಾಯಿಲೆಯ ಜೊತೆ ಸೇರಿಕೊಂಡಿದ್ದವು. ಅದಕ್ಕಿಂತ ಮುಖ್ಯವಾಗಿ, ಮನಸ್ಸಿನ ಕಾಯಿಲೆಗಳ ಜೊತೆಗಷ್ಟೇ ಅಲ್ಲ, ದೇಹ ಸಕ್ಕರೆ ಮತ್ತು ಕೊಬ್ಬನ್ನು ಬಳಸಿಕೊಳ್ಳುವ ರೀತಿಯ ಜೊತೆಗೂ ಇದಕ್ಕೆ ನಂಟು ಇದೆ ಅಂತ ಕಂಡಿತು. ಅಮ್ಮಂದಿರ ಮೇಲಿನ ಆ ಹಳೆಯ ಅಪವಾದಕ್ಕೆ ಇದಕ್ಕಿಂತ ಗಟ್ಟಿ ಉತ್ತರ ಇನ್ನೇನು ಬೇಕು?

ಹಾಗಾದರೆ ಹಣ ಎಲ್ಲಿ ಹಾಕಬೇಕು? ಜನರ ಹಣ ಸರ್ಕಾರದ ಹಣದ ಜಾಗ ತುಂಬುವುದಿಲ್ಲ, ಇದನ್ನು ಮೊದಲೇ ಒಪ್ಪಿಕೊಳ್ಳೋಣ. ಎನ್‌ಐಎಚ್‌ನ ವರ್ಷದ ಬಜೆಟ್ಟೇ 4,000 ಕೋಟಿ ಡಾಲರ್‌ಗೂ ಮೀರಿದ್ದು, ಅದರ ಮುಂದೆ ಐಸ್ ಬಕೆಟ್ಟಿನ ಹಣವೂ ಚಿಕ್ಕದು. ಆದರೆ ಚಿಕ್ಕ ಹಣ ಮಾಡುವ ಕೆಲಸವನ್ನು ಎಷ್ಟೋ ಸಲ ದೊಡ್ಡ ಹಣ ಮಾಡುವುದಿಲ್ಲ. ಒಂದು, ಸೇತುವೆ ಹಣ. ಒಂದು ಅನುದಾನ ಮುಗಿದು ಇನ್ನೊಂದು ಸಿಗುವವರೆಗೆ ಸಂಯೋಜಕರೊಬ್ಬರ ಆರು ತಿಂಗಳ ಸಂಬಳ. ಅಷ್ಟು ಸಿಕ್ಕರೆ ವಿಳಾಸದ ಪಟ್ಟಿ ಜೀವಂತ ಇರುತ್ತದೆ, ಕರೆಗಳು ನಿಲ್ಲುವುದಿಲ್ಲ. ನನ್ನನ್ನು ಕೇಳಿದರೆ ಕಡಿತದ ಕಾಲದಲ್ಲಿ ಮೊದಲ ದೇಣಿಗೆ ಇಲ್ಲಿಗೇ ಹೋಗಬೇಕು. ಇನ್ನೊಂದು, ಮೊದಲ ಹೆಜ್ಜೆಯ ಹಣ. ದೊಡ್ಡ ಅನುದಾನಕ್ಕೆ ಅರ್ಜಿ ಹಾಕಬೇಕಾದರೆ 'ಇದು ಆಗುತ್ತದೆ' ಅಂತ ತೋರಿಸುವ ಸಣ್ಣ ಅಧ್ಯಯನ ಮೊದಲೇ ಮಾಡಿರಬೇಕು, ಅದಕ್ಕೆ ಹಣ ಕೊಡುವವರು ಕಡಿಮೆ. ಮಾನಸಿಕ ಕಾಯಿಲೆಗಳ ಸಂಶೋಧನೆಗಾಗಿ 1987ರಲ್ಲಿ ಅಮೆರಿಕದಲ್ಲಿ ಶುರುವಾದ, ಈಗ ಬ್ರೇನ್ ಅಂಡ್ ಬಿಹೇವಿಯರ್ ರಿಸರ್ಚ್ ಫೌಂಡೇಶನ್ ಅನ್ನುವ ದತ್ತಿಸಂಸ್ಥೆ ಬಹುಕಾಲ ಯುವ ಸಂಶೋಧಕರಿಗೆ ಎರಡು ವರ್ಷಕ್ಕೆ 70,000 ಡಾಲರ್‌ವರೆಗೆ ಕೊಡುತ್ತಾ ಬಂದಿದೆ. ಅಂಥ ಹಣದಿಂದ ಹುಡುಗರು ಕ್ಷೇತ್ರ ಬಿಟ್ಟು ಹೋಗದೆ ಉಳಿಯುತ್ತಾರೆ. ಪ್ರಯೋಗಕ್ಕೆ ಬರುವವರ ಬಸ್ ಖರ್ಚು, ಮಗುವನ್ನು ನೋಡಿಕೊಳ್ಳುವವರ ಖರ್ಚು, ಇಂಥವಕ್ಕೂ ಸರ್ಕಾರಿ ಬಜೆಟ್‌ನಲ್ಲಿ ಜಾಗ ಸಿಗುವುದು ಕಷ್ಟ. ಇವು ಇಲ್ಲದಿದ್ದರೆ ಕಾಸಿರುವವರು ಮಾತ್ರ ಅಧ್ಯಯನಕ್ಕೆ ಬರುತ್ತಾರೆ, ಫಲಿತಾಂಶವೂ ಕಾಸಿರುವವರದ್ದೇ ಆಗುತ್ತದೆ.

ಕೊಡುವ ಮೊದಲು ಕೇಳಿ. ಯೋಜನೆಯನ್ನು ಹೊರಗಿನ ತಜ್ಞರು ಓದಿ ಒಪ್ಪಿದ್ದಾರಾ, ನೈತಿಕ ಸಮಿತಿಯ ಅನುಮತಿ ಇದೆಯಾ, ನಿರೀಕ್ಷಿಸಿದ ಫಲಿತಾಂಶ ಬರದಿದ್ದರೂ ಪ್ರಕಟಿಸುತ್ತಾರಾ. ಹಣದಲ್ಲಿ ಎಷ್ಟು ಭಾಗ ಆಡಳಿತಕ್ಕೆ ಹೋಗುತ್ತದೆ ಅಂತಲೂ ಕೇಳಿ, ಆದರೆ 'ಒಂದು ಪೈಸೆಯೂ ಹೋಗಬಾರದು' ಅಂತ ಹಟ ಮಾಡಬೇಡಿ. ಫ್ರೀಜರ್‌ಗೆ ಕರೆಂಟ್ ಬೇಕಲ್ವಾ.

ಹಣ ಇಲ್ಲದವರೂ ಮಾಡಬಹುದಾದದ್ದು ಇದೆ, ಅದು ಕಡಿಮೆಯದ್ದೇನಲ್ಲ. ಅಧ್ಯಯನಗಳಿಗೆ ಜನ ಬೇಕು. ಆಂಗಿಯ ನಂತರ 'ಎಡ್ಜಿ' ಎಂಬ ಯೋಜನೆ ಬಂತು, ಅನೊರೆಕ್ಸಿಯಾ, ಬುಲಿಮಿಯಾ, ಬಿಂಜ್ ಈಟಿಂಗ್ ಮೂರನ್ನೂ ಸೇರಿಸಿ ಒಂದು ಲಕ್ಷ ಜನರನ್ನು ತಲುಪುವುದು ಅದರ ಗುರಿ. ಇಂಥ ಅಧ್ಯಯನದಲ್ಲಿ ಪಾಲ್ಗೊಳ್ಳುವುದು ಹೇಗಿರುತ್ತದೆ? ಮೊದಲು ಕಂಪ್ಯೂಟರ್‌ನಲ್ಲೋ ಫೋನಿನಲ್ಲೋ ಪ್ರಶ್ನೆಗಳಿಗೆ ಉತ್ತರ. ಆಮೇಲೆ ಅಂಚೆಯಲ್ಲಿ ಒಂದು ಪುಟ್ಟ ಪೆಟ್ಟಿಗೆ ಬರುತ್ತದೆ. ಒಳಗೆ ಬೆರಳುದ್ದದ ಪ್ಲಾಸ್ಟಿಕ್ ಕೊಳವೆ. ಅರ್ಧ ಗಂಟೆ ಏನೂ ತಿನ್ನದೆ ಕುಡಿಯದೆ ಇದ್ದು, ಅದರಲ್ಲಿ ಗುರುತಿನ ಗೆರೆಯವರೆಗೆ ಎಂಜಲು ತುಂಬಿಸಬೇಕು. ನೊರೆ ಲೆಕ್ಕಕ್ಕಿಲ್ಲ, ಹಾಗಾಗಿ ಅಂದುಕೊಂಡದ್ದಕ್ಕಿಂತ ಹೊತ್ತು ಹಿಡಿಯುತ್ತದೆ. ಮುಚ್ಚಳ ಬಿಗಿ ಮಾಡಿದರೆ ಅದರೊಳಗಿನ ದ್ರವ ಕೆಳಗಿಳಿದು ಬೆರೆಯುತ್ತದೆ, ಮಾದರಿ ಕೆಡುವುದಿಲ್ಲ. ಕುಲುಕಿ, ಚೀಲಕ್ಕೆ ಹಾಕಿ, ಮತ್ತೆ ಅಂಚೆಗೆ. ಸೂಜಿ ಇಲ್ಲ, ಆಸ್ಪತ್ರೆ ಇಲ್ಲ, ಯಾರೂ ತೂಕ ನೋಡುವುದಿಲ್ಲ. ಈ ಕಾಯಿಲೆ ಎಂದೂ ಬಾರದವರ ಎಂಜಲೂ ಹೋಲಿಕೆಗೆ ಬೇಕು, ಇದು ತುಂಬಾ ಜನರಿಗೆ ಗೊತ್ತಿಲ್ಲ. ಗಂಡಸರು ಬೇಕು, ವಯಸ್ಸಾದವರು ಬೇಕು, ಯುರೋಪಿನ ಮೂಲದವರಲ್ಲದವರು ಬೇಕೇ ಬೇಕು, 2019ರ ಆ ದೊಡ್ಡ ಫಲಿತಾಂಶ ಬಂದದ್ದು ಯುರೋಪ್ ಮೂಲದವರ ಡಿಎನ್‌ಎಯಿಂದ ಮಾತ್ರ.

ಮೂರನೆಯದು ದನಿ. 1990ರ ದಶಕದ ಶುರುವಿನಲ್ಲಿ ಸ್ತನ ಕ್ಯಾನ್ಸರ್ ಬಂದ ಹೆಂಗಸರು, ಅವರ ಮನೆಯವರು ಲಕ್ಷಗಟ್ಟಲೆ ಪತ್ರ ಬರೆದು ಅಮೆರಿಕದ ಸಂಸತ್ತಿನ ಬಾಗಿಲು ತಟ್ಟಿದರು. 1992ರಲ್ಲಿ ಆ ಸಂಶೋಧನೆಗೆ 21 ಕೋಟಿ ಡಾಲರ್ ಮಂಜೂರಾಯಿತು, ಅದೂ ರಕ್ಷಣಾ ಇಲಾಖೆಯ ಬಜೆಟ್‌ನಿಂದ. ಅಷ್ಟೇ ಅಲ್ಲ, ಯಾವ ಯೋಜನೆಗೆ ಹಣ ಕೊಡಬೇಕು ಅಂತ ನಿರ್ಧರಿಸುವ ಮೇಜಿನಲ್ಲಿ ವಿಜ್ಞಾನಿಗಳ ಪಕ್ಕ ಕಾಯಿಲೆ ಕಂಡವರಿಗೂ ಕುರ್ಚಿ ಸಿಕ್ಕಿತು. ಈಟಿಂಗ್ ಡಿಸಾರ್ಡರ್‌ನಲ್ಲೂ ಮಗಳನ್ನು ಕಳೆದುಕೊಂಡ ಅಪ್ಪ ಅಮ್ಮಂದಿರು ವರ್ಷಗಟ್ಟಲೆ ಓಡಾಡಿದ ಮೇಲೆ 2016ರ ಡಿಸೆಂಬರ್‌ನಲ್ಲಿ ಒಂದು ದೊಡ್ಡ ಆರೋಗ್ಯ ಕಾಯಿದೆಯೊಳಗೆ ಈ ಕಾಯಿಲೆಯ ಹೆಸರು ಹಿಡಿದು ಬರೆದ ಸಾಲುಗಳು ಸೇರಿದವು. ಪ್ರತಿನಿಧಿಗೆ ಪತ್ರ ಬರೆಯುವುದಾದರೆ ಒಂದು ಪುಟ ದಾಟಬೇಡಿ. ನಿಮಗೋ ನಿಮ್ಮವರಿಗೋ ಆದದ್ದನ್ನು ನಾಲ್ಕು ಸಾಲಲ್ಲಿ ಹೇಳಿ, ಆಮೇಲೆ ಒಂದೇ ಒಂದು ಬೇಡಿಕೆ ಇಡಿ: ಯಾವ ಅನುದಾನ, ಯಾವ ವರ್ಷದ ಬಜೆಟ್. 'ಮಾನಸಿಕ ಆರೋಗ್ಯಕ್ಕೆ ಗಮನ ಕೊಡಿ' ಅನ್ನುವ ಪತ್ರಕ್ಕೆ ನಯವಾದ ಉತ್ತರ ಬರುತ್ತದೆ, ಅಷ್ಟೇ.

ಇನ್ನು ಎಚ್ಚರಿಕೆಯ ಮಾತು, ಇದನ್ನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಬೇರೆ ಕಾಯಿಲೆಗೆ ಹಣ ಎತ್ತುವ ಹಾಗೆ ಇದಕ್ಕೆ ಎತ್ತಬಾರದು. ಕಾಯಿಲೆಯಲ್ಲಿದ್ದಾಗಿನ ಫೋಟೋ, ಗುಣವಾದ ಮೇಲಿನ ಫೋಟೋ ಅಕ್ಕಪಕ್ಕ ಇಡಬೇಡಿ. ಕಾಯಿಲೆಯಲ್ಲಿರುವವರು ಮೊದಲ ಫೋಟೋ ಜೊತೆ ತಮ್ಮನ್ನು ಹೋಲಿಸಿಕೊಂಡು 'ನನಗೆ ಅಷ್ಟು ಆಗಿಲ್ಲ, ನಾನು ಸಹಾಯ ಕೇಳುವಂತಿಲ್ಲ' ಅಂದುಕೊಳ್ಳುತ್ತಾರೆ. ತೂಕದ ಅಂಕಿ ಹೇಳಬೇಡಿ, ಎಷ್ಟು ಕಡಿಮೆ ತಿನ್ನುತ್ತಿದ್ದೆ ಅನ್ನುವ ಅಂಕಿ ಹೇಳಬೇಡಿ. ಮಿನೆಸೋಟಾದ ಹುಡುಗರ ಬಗ್ಗೆ ಬರೆಯುವಾಗ ನಾನೂ ಆ ಅಂಕಿಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ತೂಕ ಇಳಿಸುವ ಪಂದ್ಯ, ಇಷ್ಟು ದಿನ ಸಿಹಿ ಬಿಡುವ ಪಣ, ಕ್ಯಾಲೊರಿ ಎಣಿಸುವ ಓಟ ಇಟ್ಟು ಈ ಕಾಯಿಲೆಗೆ ಹಣ ಎತ್ತುವುದು ಗಾಯಕ್ಕೆ ಉಪ್ಪು ಸವರಿದ ಹಾಗೆ. ಅದರ ಬದಲು ಹಾಡಿನ ಸಂಜೆ ಇಡಿ, ಪುಸ್ತಕ ಮಾರಿ, ಚಿತ್ರ ಬಿಡಿಸಿ ಹರಾಜು ಹಾಕಿ. ಹಣ ಕೊಡಲು ಮುಂದೆ ಬರುವ ಕಂಪನಿ ಏನು ಮಾರುತ್ತದೆ ಅಂತ ನೋಡಿ. ತೆಳ್ಳಗಾಗಿಸುವ ಪುಡಿ ಮಾರುವವರ ದುಡ್ಡು ಎಷ್ಟೇ ದೊಡ್ಡದಿದ್ದರೂ ಬೇಡ ಅನ್ನುವುದೇ ಸರಿ.

ಮತ್ತೆ, ಕಥೆ ಹೇಳಿ ಅಂತ ಯಾರನ್ನೂ ಒತ್ತಾಯಿಸಬೇಡಿ. ಈಗಷ್ಟೇ ಚೇತರಿಸಿಕೊಳ್ಳುತ್ತಿರುವ ಹದಿನೇಳರ ಹುಡುಗಿಯನ್ನು ವೇದಿಕೆ ಹತ್ತಿಸಿದರೆ ಅವತ್ತು ಹಣ ಬರಬಹುದು. ಆದರೆ ಆ ವಿಡಿಯೋ ಅವಳಿಗೆ ಇಪ್ಪತ್ತೈದಾದಾಗಲೂ ಇರುತ್ತದೆ, ಕೆಲಸ ಕೊಡುವವರೂ ನೋಡುತ್ತಾರೆ. ಗುಣವಾಗಿ ವರ್ಷಗಳಾದವರು, ಮನಸ್ಸಿದ್ದರೆ, ಮಾತಾಡಲಿ. ಅಪ್ಪ ಅಮ್ಮ ಮಾತಾಡುವುದಾದರೂ ಮಗುವಿನ ಕಥೆಯನ್ನಲ್ಲ, ತಮ್ಮ ಕಥೆಯನ್ನು ಹೇಳಲಿ: ಎಷ್ಟು ಕಡೆ ಅಲೆದೆವು, ಯಾವ ಪ್ರಶ್ನೆಗೆ ಯಾರ ಬಳಿಯೂ ಉತ್ತರ ಇರಲಿಲ್ಲ ಅಂತ. ಹಣ ಕೊಡುವವರ ಮನಸ್ಸು ಮುಟ್ಟಲು ಆ ಉತ್ತರವಿಲ್ಲದ ಪ್ರಶ್ನೆಯೇ ಸಾಕು.

ಎಲ್ಲಿಂದ ಶುರು ಮಾಡುವುದು ಅಂತ ಗೊತ್ತಾಗದಿದ್ದರೆ, ಈಟಿಂಗ್ ಡಿಸಾರ್ಡರ್ ಮೇಲೆ ಕೆಲಸ ಮಾಡುವ ಒಂದು ಸಂಶೋಧನಾ ತಂಡವನ್ನು ಹುಡುಕಿ ಎರಡು ಸಾಲು ಬರೆಯಿರಿ. ಈ ವರ್ಷ ನೀವು ಮತ್ತೆ ಮಾತಾಡಿಸಬೇಕಾದವರು ಎಷ್ಟು ಜನ ಇದ್ದಾರೆ? ಅವರಿಗೆ ಕರೆ ಮಾಡಲು ನಿಮ್ಮಲ್ಲಿ ಈಗ ಯಾರಿದ್ದಾರೆ?